ಜೂಲಿಗೆ ನಾನು ಮಾಡಿದ ಬಾಣಂತನ

ಜೂಲಿ ರೋಗ ಬಂದು ಸಾಯಲಿಲ್ಲ. ಮೈಯಲ್ಲಿ ಸುಣ್ಣದಂಶ ಇಳಿದಿತ್ತು ಎಂದು ಡಾಕ್ಟರು ಹೇಳಿದರು. ಎಂಟು ಮರಿ ಕಂಡು ಯಾರದೋ ಕಣ್ಣು ಬಿತ್ತು ಎಂದು ಬೀದಿಯವರು ಹೇಳಿದರು. ನಾಯಿ ಸಾಕಿದ ಮನೆಯ ಯಜಮಾನರು ನನ್ನ ಮುಖ ನೋಡಿಕೊಂಡು ಈ ಸಲ ಬಿಸಿಲು ಜಾಸ್ತಿ ಎಂದರು. ಅದೆಲ್ಲ ಆಮೇಲಿನ ಮಾತು. ನೀರು ಕೇಳಿದ ನಾಯಿಗೆ ನಾನು ನೀರನ್ನು ಅಳೆದು ಕೊಟ್ಟೆ. ಅದಕ್ಕೇ ಸತ್ತಿತು.

ಮದ್ದೂರಿನಲ್ಲಿ ನಾನು ಬಾಣಂತನ ಮಾಡುವವಳು. ಹೆತ್ತ ಹೆಂಗಸಿಗೂ ಕೂಸಿಗೂ ಎಣ್ಣೆ ನೀವಿ ನೀರು ಹಾಕುತ್ತೇನೆ, ಸಾಂಬ್ರಾಣಿ ಹೊಗೆ ಕೊಡುತ್ತೇನೆ, ಏನು ತಿನ್ನಬೇಕು ಏನು ಬಿಡಬೇಕು ಎಂದು ಹೇಳುತ್ತೇನೆ. ಆ ಬೇಸಿಗೆಯಲ್ಲಿ ನನ್ನ ಕೈಯಲ್ಲಿ ಒಬ್ಬಳೇ ಬಾಣಂತಿ ಇದ್ದಳು. ಕಿರುಗಾವಲಿಗೆ ಕೊಟ್ಟ ಹುಡುಗಿ, ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ನಮ್ಮ ಹಿಂದಿನ ಬೀದಿಯಲ್ಲೇ ಅವಳ ತಾಯಿಯ ಮನೆ. ಬೆಳಿಗ್ಗೆ ಅಲ್ಲಿನ ಕೆಲಸ ಮುಗಿಸಿ ಬರುವಾಗ ಒಂದು ದಿನ ಟೀಚರಮ್ಮ ನಿಲ್ಲಿಸಿದರು. ಮಳವಳ್ಳಿಯ ಹೈಸ್ಕೂಲಿನಲ್ಲಿ ಪಾಠ ಹೇಳುವವರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅವರ ಮಗಳು ಹುಟ್ಟಿದಾಗ ಅವರ ಬಾಣಂತನವನ್ನೂ ನಾನೇ ಮಾಡಿದ್ದೆ.

"ಅಜ್ಜಿ, ನಮ್ಮ ಜೂಲಿಗೊಂದು ಬಾಣಂತನ ಮಾಡಿಕೊಡಬೇಕು."

"ಜೂಲಿ ಅಂದ್ರೆ ಯಾರವ್ವ? ನಿನ್ ತಂಗೀನಾ?"

"ನಮ್ಮ ನಾಯಿ ಅಜ್ಜಿ. ನಿನ್ನೆ ಎಂಟು ಮರಿ ಹಾಕಿದ್ದಾಳೆ."

"ಥೂ. ನಾಯಿಗೆ ಬಾಣಂತನವಾ? ಬಳೆ ತೊಡ್ಸಿ ಸೀಮಂತನೂ ಮಾಡ್ಬುಟ್ರಾ? ನನ್ನ ಊಟಕ್ಕೆ ಕರೀಲೇ ಇಲ್ವಲ್ಲ."

ಅವರು ನಕ್ಕರು. ಆದರೆ ಕಣ್ಣು ನಗಲಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆ ನಡೀತಿದೆ, ರಜ ಸಿಗುವುದಿಲ್ಲ, ಯಜಮಾನರು ಹಾರ್ಡ್‌ವೇರ್ ಅಂಗಡಿ ಬಿಟ್ಟು ಬರುವ ಹಾಗಿಲ್ಲ, ಹಗಲು ಹೊತ್ತು ಯಾರಾದರೂ ಬೇಕೇ ಬೇಕು ಎಂದರು. "ಬೇರೆ ಯಾರ ಕೈಗೂ ಕೊಡೋಕೆ ಧೈರ್ಯ ಇಲ್ಲ ಅಜ್ಜಿ. ನಾಲ್ಕು ವರ್ಷದಿಂದ ಮನೆಮಗಳ ಥರ ಸಾಕಿದ್ದೀವಿ."

ನಾನು ಹುಟ್ಟಿದ್ದು ಹೊಳಲಿನಲ್ಲಿ. ಅಲ್ಲಿ ನಾಯಿಗಳು ಹುಲ್ಲಿನ ಮೆದೆ ಕೆಳಗೋ ಮೋರಿ ಒಳಗೋ ಮರಿ ಹಾಕುತ್ತಿದ್ದವು. ಬಾಣಂತನ ಯಾರೂ ಮಾಡುತ್ತಿರಲಿಲ್ಲ. ಬಾಯಾರಿದಾಗ ಎದ್ದು ಹೋಗಿ ನಾಲೆಯಲ್ಲಿ ಕುಡಿದು ಬರುತ್ತಿದ್ದವು. ಅದನ್ನು ಆ ದಿನವೇ ನೆನೆದಿದ್ದರೆ ಇದನ್ನು ಹೇಳಿ ಬರೆಸುವ ಕೆಲಸ ಇರುತ್ತಿರಲಿಲ್ಲ.

ಮನೆಯ ಹಿಂದೆ ಶೀಟು ಹೊದಿಸಿದ ಒಂದು ಕೋಣೆ. ಅಲ್ಲಿ ಮರದ ಹಲಗೆಯ ತೊಟ್ಟಿಯೊಳಗೆ ಹಳೆ ಸೀರೆ ಹಾಸಿ ಮಲಗಿಸಿದ್ದರು. ಗೋಧಿ ಬಣ್ಣದ ದಪ್ಪ ನಾಯಿ, ದಪ್ಪ ತಲೆ, ಇಳಿಬಿದ್ದ ಕಿವಿ. ಲ್ಯಾಬ್ರಡಾರ್ ಜಾತಿಯಂತೆ. ನಾನು ಒಳಗೆ ಹೋದರೆ ಬೊಗಳಲಿಲ್ಲ. ಬಾಲದಿಂದ ಹಲಗೆಯನ್ನು ಟಪಟಪ ಬಡಿಯಿತು. ಊರ ನಾಯಿ ಮರಿ ಹಾಕಿದ್ದರೆ ಹತ್ತು ಮಾರು ದೂರದಲ್ಲೇ ಹಲ್ಲು ತೋರಿಸುತ್ತದೆ. ಇದು ಮೊದಲ ಸಲ ಕಂಡವಳಿಗೂ ಮರಿ ಎತ್ತಿಕೊಳ್ಳಲು ಬಿಟ್ಟಿತು. ಬಿಟ್ಟು ನನ್ನ ಮೊಣಕೈ ನೆಕ್ಕಿತು.

"ಏನವ್ವ ಇದು, ಕಳ್ಳ ಬಂದ್ರೆ ಕಾಲು ತೊಳ್ದು ಒಳಿಕ್ಕೆ ಕರಕಳ್ತದಲ್ಲ."

"ಆ ಜಾತೀನೇ ಹಂಗೆ ಅಜ್ಜಿ. ಎಲ್ಲರನ್ನೂ ನಂಬುತ್ತೆ. ಅದಕ್ಕೇ ಮಕ್ಕಳಿರೋ ಮನೆಗೆ ಇದನ್ನೇ ತರೋದು. ತಿನ್ನೋ ಚಪಲ ಒಂದು ಬಿಟ್ರೆ ಯಾವ ತಂಟೆಯೂ ಇಲ್ಲ. ಬಾಯಲ್ಲಿ ಏನಾದ್ರೂ ಕಚ್ಕೊಂಡು ಬಂದು ಕೊಡೋದು ಅಂದ್ರೆ ಆಸೆ. ಬೇಡ ಅಂತ ಒಂದು ಸಲ ಹೇಳಿದ್ರೆ ಸಾಕು, ಸುಮ್ಮನಾಗ್ತಾಳೆ."

ಬೇಡ ಎಂದರೆ ಸುಮ್ಮನಾಗುತ್ತದೆ. ಆ ಮಾತು ನನಗೆ ಹಿಡಿಸಿತು. ಒಳ್ಳೆ ಬಾಣಂತಿ ಎಂದುಕೊಂಡೆ.

ಪಶು ಆಸ್ಪತ್ರೆಯ ಡಾಕ್ಟರು ಬಂದು ನೋಡಿ ಒಂದು ಚೀಟಿ ಬರೆದುಕೊಟ್ಟಿದ್ದರು. ಟೀಚರಮ್ಮ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಓದಲು ಬರುವುದಿಲ್ಲ ಎಂದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಮೂರನೇ ಕ್ಲಾಸಿನವರೆಗೆ ಕಲಿತಿದ್ದೇನೆ, ನಿಧಾನವಾಗಿ ಕೂಡಿಸಿ ಓದುತ್ತೇನೆ. ತಾಯಿಯ ಹತ್ತಿರ ಕುಡಿಯುವ ನೀರು ಸದಾ ಇರಬೇಕು. ಇದು ಮೊದಲನೇ ಸಾಲು. ದಿನಕ್ಕೆ ನಾಲ್ಕು ಸಲ ಊಟ, ಎರಡು ಸಲ ಸುಣ್ಣದ ಟಾನಿಕ್ಕು. ಮರಿಗಳ ಮೂಲೆಗೆ ಮಾತ್ರ ಬಲ್ಬಿನ ಶಾಖ, ಕೋಣೆಗೆ ಗಾಳಿ ಆಡಬೇಕು. ಕೊನೆಯದು: ಏದುಸಿರು, ನಡುಕ, ಕಾಲು ಸೆಟೆಯುವುದು ಕಂಡರೆ ಕೂಡಲೇ ಫೋನ್ ಮಾಡಿ.

ಓದಿ ನಕ್ಕೆ. ದನ ನೋಡುವ ಗಂಡಸಿಗೆ ಬಾಣಂತಿಯ ಮೈ ಏನು ಗೊತ್ತು ಎಂದುಕೊಂಡೆ. ಹಸಿ ಬಾಣಂತಿಗೆ ನೀರು ಹೆಚ್ಚಾದರೆ ಹೊಟ್ಟೆ ಊದುತ್ತದೆ, ಮೈಗೆ ನಂಜಾಗುತ್ತದೆ, ಗಾಳಿ ತಾಗಿದರೆ ಸನ್ನಿ ಹಿಡಿಯುತ್ತದೆ. ಸನ್ನಿ ಎಂದರೆ ಹೆತ್ತವಳಿಗೆ ನಡುಕ ಬಂದು ಬುದ್ಧಿ ತಪ್ಪುವುದು. ನನ್ನ ಅತ್ತೆ ನನಗೆ ಕಲಿಸಿದ್ದು ಇಷ್ಟು. ಅವಳಿಗೆ ಅವಳ ಅತ್ತೆ ಕಲಿಸಿದ್ದಳು. ಕಿರುಗಾವಲಿನ ಹುಡುಗಿಗೆ ನಾನು ದಿನಕ್ಕೆ ಕೊಡಿಸುತ್ತಿದ್ದದ್ದು ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಕಾದಾರಿದ ನೀರು.

ಜೂಲಿಗೆ ದೊಡ್ಡ ಮೈ ಎಂದು ಹೊತ್ತಿಗೆ ಅರ್ಧ ಚೊಂಬು ಮಾಡಿದೆ.

ಕೆಲಸವನ್ನು ನಾನು ಕ್ರಮವಾಗಿಯೇ ಮಾಡಿದೆ. ಕೋಣೆಯ ಕಿಟಕಿಗೆ ಗೋಣಿತಾಟು ಹೊಡೆದೆ. ಬೆಳಿಗ್ಗೆ ಸಾಂಬ್ರಾಣಿ ಹೊಗೆ. ಊಟಕ್ಕೆ ಮುದ್ದೆ, ಮೆಣಸು ಬೆಳ್ಳುಳ್ಳಿ ಅರೆದ ಸಾರು. ನಾಯಿಗೆ ಬೆಳ್ಳುಳ್ಳಿ ಆಗುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಆ ಜಾತಿಗೆ ತಟ್ಟೆಯಲ್ಲಿ ಏನು ಹಾಕಿದರೂ ಸರಿ, ನೆಕ್ಕಿ ಹೊಳೆಯುವಂತೆ ಮಾಡುತ್ತದೆ. ಟಾನಿಕ್ಕು ಬೆಳ್ಳಗೆ ಮಜ್ಜಿಗೆಯಂತಿತ್ತು. ತಂಪು ಎಂದು ಬೆಳಗಿನದನ್ನು ಬಿಟ್ಟೆ. ಸಂಜೆಯದನ್ನು ಮಾತ್ರ ಟೀಚರಮ್ಮ ಬಂದು ಕುಡಿಸುತ್ತಿದ್ದರು. ಕಿವಿಗೆ ಗಾಳಿ ಹೋಗಬಾರದೆಂದು ತಲೆಗೆ ಒಂದು ಬಟ್ಟೆಯನ್ನೂ ಕಟ್ಟಿದೆ. ಕಟ್ಟಿಸಿಕೊಂಡಿತು. ಟೀಚರಮ್ಮನ ಯಜಮಾನರು ಅದನ್ನು ಕಂಡು ಬಿದ್ದು ಬಿದ್ದು ನಕ್ಕರು.

"ಏನಜ್ಜಿ, ನಮ್ಮ ಜೂಲಿ ನಮ್ಮತ್ತೆ ಥರ ಕಾಣ್ತಾವ್ಳೆ."

"ನಿಮ್ಮತ್ತೆಗಿಂತ ವಾಸಿ ಕಣಪ್ಪ. ಹೇಳ್ದಂಗೆ ಕೇಳ್ತಳೆ."

ಎರಡು ರಾತ್ರಿ ಟೀಚರಮ್ಮ ಚೀಟಿಯಲ್ಲಿದ್ದಂತೆ ಬಟ್ಟಲು ತುಂಬ ನೀರಿಟ್ಟಿದ್ದರು. ಬೆಳಿಗ್ಗೆ ನಾನು ಬಂದಾಗ ಬಟ್ಟಲು ಖಾಲಿ. ಮೂರನೆಯ ದಿನ ಒಂದು ಮರಿಗೆ ತೆಳ್ಳಗೆ ಭೇದಿಯಾಯಿತು. ನಾನು ಕಾಯುತ್ತಿದ್ದದ್ದು ಅದನ್ನೇ.

"ನೋಡ್ದಾ? ನೀನು ರಾತ್ರಿ ನೀರಿಟ್ಟೆ, ಕೂಸಿಗೆ ಬೇದಿ ಬಂತು. ತಾಯಿ ಕುಡಿದದ್ದು ಮರೀಗೆ ಓಗದೇ ಇರ್ತದಾ?"

"ಡಾಕ್ಟ್ರು ಸದಾ ನೀರಿರಬೇಕು ಅಂತ..."

"ನಿಂಗೆ ಬಾಣಂತನ ಮಾಡಿದ್ದು ಡಾಕ್ಟ್ರಾ, ನಾನಾ?"

ಅವರು ಸರಿ ಅಜ್ಜಿ ಎಂದರು. ಅಷ್ಟು ಓದಿದ ಹೆಂಗಸು. ಆ ದಿನದಿಂದ ರಾತ್ರಿಯ ಬಟ್ಟಲು ನಿಂತುಹೋಯಿತು.

ಎಂಟು ಮರಿಗಳ ಕೊರಳಿಗೆ ಟೀಚರಮ್ಮ ಬೇರೆ ಬೇರೆ ಬಣ್ಣದ ದಾರ ಕಟ್ಟಿದ್ದರು. ದಿನಾ ಸಂಜೆ ಬಸ್ಸಿಳಿದು ಬಂದವರೇ ಸೀರೆ ಸಹ ಬದಲಿಸದೆ ಅಡಿಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ಬರೆದುಕೊಳ್ಳುತ್ತಿದ್ದರು. ನಾಲ್ಕು ದಿನ ಎಲ್ಲವೂ ಏರಿದವು. ನನಗೆ ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ. ಐದನೆಯ ದಿನ ತೂಕ ನಿಂತಿತು. ಆರನೆಯ ದಿನ ಕೆಂಪು ದಾರದ ಮರಿ ಇಳಿಯಿತು. ಅದೇ ಎಲ್ಲಕ್ಕಿಂತ ಸಣ್ಣದು. ಅದನ್ನು ನಾನು ಹಿಂದಿನ ಮೊಲೆಗೆ ಹಚ್ಚಿದೆ. ಅಲ್ಲಿ ಹಾಲು ಹೆಚ್ಚು. ಚೀಪಿತು, ಬಿಟ್ಟಿತು, ಅತ್ತಿತು.

"ಹಾಲು ಕಡಿಮೆ ಆಗಿದೆಯಾ ಅಜ್ಜಿ?"

"ಹಾಲೈತೆ. ತಣ್ಣಗಾಗೈತೆ. ಖಾರ ಜಾಸ್ತಿ ಮಾಡ್ತೀನಿ ಬುಡು."

ಖಾರ ಜಾಸ್ತಿ ಮಾಡಿದೆ.

ಜೂಲಿ ನೀರು ಕೇಳಲಿಲ್ಲ ಎಂದು ಹೇಳಿದರೆ ಅದು ಸುಳ್ಳು. ನಾಲ್ಕನೆಯ ದಿನ ತೊಟ್ಟಿಯಿಂದ ಎದ್ದು, ಖಾಲಿ ಸ್ಟೀಲ್ ಬಟ್ಟಲನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ನನ್ನ ಪಾದದ ಹತ್ತಿರ ಇಟ್ಟು ಕೂತಿತು. ಬೇಡ ಎಂದೆ. ನನ್ನನ್ನು ನೋಡಿತು, ಬಟ್ಟಲನ್ನು ನೋಡಿತು, ಹೋಗಿ ಮಲಗಿತು. ಮತ್ತೆ ತರಬಾರದೆಂದು ಬಟ್ಟಲನ್ನು ಬೋರಲು ಹಾಕಿದೆ. ಮಾರನೆಯ ದಿನ ಅದನ್ನು ಮೂತಿಯಿಂದ ಮಗುಚಿ ಮತ್ತೆ ತಂದಿತು. ಕಿರುಗಾವಲಿನ ಹುಡುಗಿಗೆ ನೀರು ಹಾಕಿ ನಾನು ನೇರ ಇಲ್ಲಿಗೆ ಬರುತ್ತಿದ್ದೆನಲ್ಲ, ನನ್ನ ಸೀರೆಯ ನೆರಿಗೆ ಒದ್ದೆ ಇರುತ್ತಿತ್ತು. ಜೂಲಿ ನೆರಿಗೆಯನ್ನು ಬಾಯಲ್ಲಿ ಹಿಡಿದು ಚೀಪುತ್ತಿತ್ತು. ಎಲ್ಲರ ಕಾಲೂ ನೆಕ್ಕುವ ಜಾತಿ, ನನ್ನ ಮೇಲೆ ಪ್ರೀತಿ ಎಂದುಕೊಂಡೆ. ಟೀಚರಮ್ಮನಿಗೆ ಹೇಳಿ ಹೆಮ್ಮೆಪಟ್ಟೆ ಕೂಡ.

ಆ ಹುಡುಗಿಯೂ ಹಾಗೇ. ಬಚ್ಚಲಲ್ಲಿ ತಲೆ ಮೇಲೆ ಚೊಂಬು ಸುರಿಯುವಾಗ ಬಾಯಿ ತೆರೆಯುತ್ತಿದ್ದಳು.

"ಬಾಯಿ ಮುಚ್ಚೇ. ಹಸಿ ಮೈ."

"ನಾಲ್ಗೆ ಅಂಟ್ಕತದೆ ಅಜ್ಜಿ."

"ತುಟಿ ಒದ್ದೆ ಮಾಡ್ಕೊ, ಸಾಕು."

ಬಾಗಿಲಲ್ಲಿ ಟವೆಲು ಹಿಡಿದು ನಿಂತ ಅವಳ ತಾಯಿ ನನ್ನ ಪರ. "ಕೇಳ್ಕಳೆ. ದೊಡ್ಡವ್ವನ ಕೈಯಾಗೆ ಒಬ್ಬ ಬಾಣಂತೀನೂ ಕೆಟ್ಟಿಲ್ಲ."

ಒಂಬತ್ತನೆಯ ದಿನ ಬೆಳಿಗ್ಗೆಯೇ ಶೀಟು ಕಾದಿತ್ತು. ನಾನು ಬಂದಾಗ ಟೀಚರಮ್ಮ ಬಸ್ಸು ಹಿಡಿದಾಗಿತ್ತು. ಜೂಲಿ ಬಟ್ಟಲು ಕಚ್ಚಿಕೊಂಡು ಬಾಗಿಲ ಬಳಿ ನಿಂತಿತ್ತು. ನಾಲ್ಕು ಹೆಜ್ಜೆ ಬಂತು. ನಡಿಗೆ ಮರದ ಕುದುರೆಯ ನಡಿಗೆಯಂತಿತ್ತು, ಮಂಡಿ ಮಡಿಸುತ್ತಿರಲಿಲ್ಲ. ಬಟ್ಟಲು ಬಾಯಿಂದ ಜಾರಿ ಠಣ್ ಎಂದು ಬಿದ್ದಿತು. ಎತ್ತಿಕೊಳ್ಳಲು ಹೋಗಿ ಮುಗ್ಗರಿಸಿತು. ನಾಲಗೆ ಗೇಣುದ್ದ ಹೊರಗೆ, ಉಸಿರು ಕೊಲಿಮೆಯ ತಿದಿಯಂತೆ. ಹಿಂದೆ ಮರಿಗಳೆಲ್ಲ ಒಟ್ಟಿಗೆ ಅಳುತ್ತಿದ್ದವು. ತೊಡೆಯ ಮೇಲೆ ಕೈ ಇಟ್ಟೆ. ಒಳಗೆ ಸಣ್ಣಗೆ ನಡುಕ.

ಚೀಟಿಯ ಕೊನೆಯ ಸಾಲು ನನಗೆ ನೆನಪಿತ್ತು. ಫೋನು ಸೊಂಟದ ಚೀಲದಲ್ಲಿತ್ತು. ಡಾಕ್ಟರ ನಂಬರನ್ನು ಟೀಚರಮ್ಮ ಅದರಲ್ಲಿ ಹಾಕಿಕೊಟ್ಟಿದ್ದರು, ಒಂದೇ ಗುಂಡಿ ಒತ್ತಬೇಕಾಗಿತ್ತು. ಮುಂದಿನದನ್ನು ಬರೆಸದೆ ಬಿಡಬಹುದು, ಅದು ಯಾರಿಗೂ ಗೊತ್ತಿಲ್ಲ. ಒಂದು ಗಳಿಗೆ ಚೀಲದ ದಾರಕ್ಕೆ ಕೈ ಹಾಕಿದ್ದೆ. ಆಮೇಲೆ, ಕರೆದರೆ ಬಂದು ಏನು ಹೇಳುತ್ತಾನೆ, ನೀರು ಎಲ್ಲಿ ಎನ್ನುತ್ತಾನೆ ಎಂದು ಹೊಳೆಯಿತು. ಕೈ ತೆಗೆದೆ. ಇದು ಸನ್ನಿ, ಸನ್ನಿಗೆ ಮದ್ದು ನನಗೇ ಗೊತ್ತು ಎಂದುಕೊಂಡೆ.

ಸನ್ನಿಗೆ ಶಾಖ ಕೊಡಬೇಕು. ಬಾಗಿಲು ಹಾಕಿದೆ. ಬಾಣಲೆಯಲ್ಲಿ ಕೆಂಡ ತಂದಿಟ್ಟೆ. ಕಂಬಳಿ ಹೊದಿಸಿದೆ. ಜೂಲಿ ಅದನ್ನು ಕೊಡವಿಕೊಂಡು ಬಾಗಿಲ ಸಂದಿಗೆ ಮೂಗಿಟ್ಟಿತು. ಬೇಡ ಎಂದೆ. ಆ ಸ್ಥಿತಿಯಲ್ಲೂ ನನ್ನ ಮಾತು ಕೇಳಿತು. ತಿರುಗಿ ಬಂದು ಕಂಬಳಿಯ ಮೇಲೆ ಮಲಗಿತು. ಊರ ನಾಯಿಯಾಗಿದ್ದರೆ ನನ್ನ ಕೈ ಕಚ್ಚಿ, ಬಾಗಿಲು ತಳ್ಳಿಕೊಂಡು ಓಡಿ, ಚರಂಡಿ ನೀರಾದರೂ ಕುಡಿದು ಬದುಕಿಕೊಳ್ಳುತ್ತಿತ್ತು.

ಊಟಕ್ಕೆ ಬಂದ ಯಜಮಾನರು ಬಾಗಿಲು ತಳ್ಳಿದಾಗ ನಾಲ್ಕೂ ಕಾಲು ಕೋಲಿನಂತೆ ಸೆಟೆದಿದ್ದವು.

"ಅಯ್ಯೋ, ಏನಜ್ಜಿ ಇದು ಹೊಗೆ! ಮನುಷ್ಯರು ಇರಕ್ಕಾಯ್ತದಾ ಇಲ್ಲಿ!"

"ಸನ್ನಿ ಕಣಪ್ಪ. ಇಳೀತದೆ..."

"ಸುಮ್ಕಿರಿ!" ಎಂದರು. ಆ ಮನುಷ್ಯ ನನಗೆ ಎಂದೂ ದನಿ ಎತ್ತಿದವರಲ್ಲ.

ಅಂಗಡಿಯ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆವು. ತಲೆ ನನ್ನ ತೊಡೆಯ ಮೇಲಿತ್ತು. ಮೈ ಹಂಡೆಯಂತೆ ಸುಡುತ್ತಿತ್ತು. ಡಾಕ್ಟರು ಜ್ವರ ನೋಡಿ ಹುಬ್ಬು ಗಂಟಿಕ್ಕಿದರು. ಕತ್ತಿನ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಚರ್ಮ ಎತ್ತಿದ ಹಾಗೇ ನಿಂತಿತು.

"ನೀರು ಕುಡೀತಿತ್ತಾ?"

"ಅರ್ಧ ಚೊಂಬು. ಎರಡು ಹೊತ್ತು."

"ಇಡೀ ದಿನಕ್ಕಾ?"

"ಹೂಂ."

ಅವರು ಬೈಯಲಿಲ್ಲ. ಹೊಟ್ಟೆಗೂ ಪಾದಕ್ಕೂ ಒದ್ದೆ ಬಟ್ಟೆ ಹಾಕಿಸಿದರು. ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿದರು. ಸುಣ್ಣದ ಔಷಧಿಯನ್ನು ಹನಿ ಹನಿಯಾಗಿ ಬಿಡುತ್ತಾ ಇನ್ನೊಂದು ಕೈಯಲ್ಲಿ ಎದೆಗೆ ಕೊಳವೆ ಹಿಡಿದು ಕೇಳುತ್ತಿದ್ದರು. ಬೇಗ ಬಿಟ್ಟರೆ ಎದೆ ನಿಲ್ಲುತ್ತದಂತೆ. ಹಾಗೆ ಕೇಳುತ್ತಲೇ ಮಾತಾಡಿದರು.

"ಎಂಟು ಮರಿಗೆ ಹಾಲು ಎಲ್ಲಿಂದ ಬರಬೇಕಜ್ಜಿ? ಅವಳ ಮೈಯಿಂದ ತಾನೇ? ನಿಮ್ಮನೇಲಿ ಹಸು ಕರು ಹಾಕಿದಾಗ ಅದರ ಮುಂದೆ ಬಾನಿ ತುಂಬ ನೀರು ಇಡ್ತಿದ್ರಾ ಇಲ್ವಾ?"

"ಇಡ್ತಿದ್ದೆ."

"ಮತ್ತೆ ಇವಳಿಗೇನಾಗಿತ್ತು?"

ಹಸುವಿಗೆ ನಾನು ಯಾವತ್ತೂ ನೀರು ತಪ್ಪಿಸಿದವಳಲ್ಲ, ಬೂಸಾ ಕಲಸಿ ಬಾನಿ ತುಂಬ ಇಟ್ಟಿದ್ದೇನೆ. ಜೂಲಿಯನ್ನು ಹಸು ಎಂದುಕೊಂಡಿದ್ದರೆ ಬದುಕುತ್ತಿತ್ತು. ನಾನು ಹೆಂಗಸು ಎಂದುಕೊಂಡೆ.

ಸೆಟೆದ ಕಾಲು ಸಡಿಲವಾದವು. ಕಣ್ಣು ಬಿಟ್ಟಿತು. ನನ್ನನ್ನು ನೋಡಿ ಬಾಲದಿಂದ ಮೇಜನ್ನು ಎರಡು ಸಲ ಬಡಿಯಿತು. ಯಜಮಾನರು ನಕ್ಕು ಅತ್ತುಬಿಟ್ಟರು. ನಾನೂ ಗೆದ್ದೆವು ಎಂದುಕೊಂಡೆ. ಇನ್ನೊಂದು ಗಂಟೆ ಆಗಿರಬಹುದು, ಮತ್ತೆ ನಡುಕ ಬಂತು. ಡಾಕ್ಟರು ಎದೆಗೆ ಎರಡು ಕೈ ಇಟ್ಟು ಒತ್ತಿದರು, ಒತ್ತಿದರು. ಆಮೇಲೆ ಕೈ ತೆಗೆದರು. ಯಜಮಾನರ ಫೋನ್ ಬಂದ ಮೇಲೆ ಟೀಚರಮ್ಮ ಮಳವಳ್ಳಿಯ ಬಸ್ಸಿಳಿದು ಓಡಿ ಬಂದಾಗ ಡಾಕ್ಟರು ಕಾಲಿನ ಸೂಜಿಯನ್ನು ತೆಗೆಯುತ್ತಿದ್ದರು.

ನಾನು ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಂಡ ಇಟ್ಟದ್ದು, ಫೋನ್ ಮಾಡದೆ ಇದ್ದದ್ದು, ಬೆಳಗಿನ ಟಾನಿಕ್ಕು ಬಿಟ್ಟದ್ದು, ಎಲ್ಲಾ. ಬೈಯಲಿ ಎಂದೇ ಹೇಳಿದೆ. ಅವರು ಜೂಲಿಯ ತಲೆಯ ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ಅದು ಇನ್ನೂ ಕಟ್ಟಿಯೇ ಇತ್ತು.

"ನನಗೂ ಹಿಂಗೇ ಮಾಡಿದ್ರಿ ಅಜ್ಜಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ನೀರು ಹಾಕುವಾಗ ಕೂದಲಿಂದ ಸೋರೋದನ್ನ ಚೀಪ್ತಿದ್ದೆ. ಸೀಗೆಕಾಯಿ ಕಹಿ ಇರ್ತಿತ್ತು. ನೀವು ನೋಡಲಿಲ್ಲ."

"ಯಾಕವ್ವ ಏಳ್ಲಿಲ್ಲ ನೀನು?"

"ಹೇಳಿದ್ದೆ. ತುಟಿ ಒದ್ದೆ ಮಾಡ್ಕೊ ಅಂದ್ರಿ."

ಹಿತ್ತಿಲ ತೆಂಗಿನಮರದ ಬುಡದಲ್ಲಿ ಯಜಮಾನರು ಗುಂಡಿ ತೆಗೆದರು. ನನ್ನನ್ನು ಮನೆಗೆ ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಎಂಟು ಮರಿಗಳು ಅಳುತ್ತಿದ್ದವು. ಡಾಕ್ಟರು ಕೊಟ್ಟ ಹಾಲಿನ ಪುಡಿ ಕಲಸಿ ನನ್ನ ಒಳಲೆ ತಂದೆ, ಕೂಸುಗಳಿಗೆ ಹಾಲು ಹಾಕುವ ಅದೇ ಒಳಲೆ. ಕೂಸನ್ನು ಹಾಕಿಕೊಂಡಂತೆ ಮರಿಯನ್ನು ಅಂಗಾತ ತೊಡೆಯ ಮೇಲೆ ಹಾಕಿಕೊಂಡೆ. ತಕ್ಷಣ ಕೈ ನಿಂತಿತು. ಇದೂ ಮನುಷ್ಯರ ಲೆಕ್ಕವೇ ಅಲ್ಲವೇ? ಈ ಸಲ ಫೋನ್ ಮಾಡಿ ಕೇಳಿದೆ. ಅಂಗಾತ ಹಾಕಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಬೋರಲು ಮಲಗಿಸಿ, ಒಳಲೆ ಬೇಡ, ಸಣ್ಣ ಬಾಟಲಿಯಲ್ಲಿ ಕೊಡಿ, ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಿ, ಆಗಲೇ ಉಚ್ಚೆ ಹೊಯ್ಯುವುದು ಎಂದರು ಡಾಕ್ಟರು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ. ಕೊನೆಗೆ ಉಳಿದವು ಆರು. ಕೆಂಪು ದಾರದ್ದು ಉಳಿಯಲಿಲ್ಲ.

ಆದರೆ ಅದು ಆಮೇಲೆ. ಜೂಲಿಯನ್ನು ಹೂತ ಮಾರನೆಯ ಬೆಳಿಗ್ಗೆ ನಾನು ಎಂದಿನ ಹೊತ್ತಿಗೇ ಹಿಂದಿನ ಬೀದಿಯ ಮನೆಗೆ ಹೋದೆ. ಹಂಡೆಯಲ್ಲಿ ನೀರು ಕಾದಿತ್ತು, ಎಣ್ಣೆ ಬೆಚ್ಚಗಾಗಿತ್ತು. ಹುಡುಗಿ ತಲೆಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದಳು, ಮಡಿಲಲ್ಲಿ ಕೂಸು. ನಾನು ಬಚ್ಚಲಿಗೆ ಹೋಗಲಿಲ್ಲ. ಅಡಿಗೆಮನೆಗೆ ಹೋಗಿ ಕುಡಿಯುವ ನೀರಿನ ಬಿಂದಿಗೆಯಿಂದ ಒಂದು ಚೊಂಬು ತುಂಬಿಸಿ ತಂದು ಅವಳ ಮುಂದೆ ಇಟ್ಟೆ.

ಹುಡುಗಿ ಚೊಂಬನ್ನು ನೋಡಿದಳು, ನನ್ನನ್ನು ನೋಡಿದಳು. ಮುಟ್ಟಲಿಲ್ಲ.

ಅವಳ ತಾಯಿ ಓಡಿ ಬಂದಳು. "ಏನ್ ದೊಡ್ಡವ್ವ, ನೀನೇ ಬ್ಯಾಡ ಅಂದಿದ್ದೆ!"

"ಅಂದಿದ್ದೆ. ತಪ್ಪು ಅಂದಿದ್ದೆ. ಕುಡೀಲಿ ಬುಡು."

"ಸನ್ನಿಗಿನ್ನಿ ಬಂದ್ರೆ?"

"ಬಂದ್ರೆ ಡಾಕ್ಟ್ರ ತಾವ ನಾನೇ ಕರ್ಕಂಡು ಓಯ್ತೀನಿ. ದಾರಿ ಗೊತ್ತು ನಂಗೆ."

ಹುಡುಗಿ ಕೂಸನ್ನು ತಾಯಿಯ ಕೈಗೆ ಕೊಟ್ಟು ಚೊಂಬನ್ನು ಎರಡೂ ಕೈಯಲ್ಲಿ ಎತ್ತಿದಳು. ನಡುವೆ ಉಸಿರಿಗೂ ನಿಲ್ಲಿಸಲಿಲ್ಲ. ಗಂಟಲು ಏರಿ ಇಳಿಯುವುದನ್ನು ನಾನು ನಿಂತು ನೋಡಿದೆ. ಖಾಲಿ ಚೊಂಬನ್ನು ನನ್ನ ಪಾದದ ಹತ್ತಿರ ಇಟ್ಟು ತಲೆ ಎತ್ತಿದಳು.

ನಾನು ಬಗ್ಗಿ ಚೊಂಬನ್ನು ಎತ್ತಿಕೊಂಡು ಮತ್ತೆ ತುಂಬಿಸಲು ಹೋದೆ.